ಹುಳಿ, ಖಾರ ಮತ್ತು ಅಕ್ಕನ ತಟ್ಟೆ

ಸಿ. ಬೆಳಗಲ್ಲಿನ ನನ್ನ ಅಕ್ಕನ ಮನೆಯಲ್ಲಿ ಮುಂಜಾನೆಯ ತಿಂಡಿಯೆಂದರೆ ಬಹುತೇಕ ಉಗ್ಗಾನಿ ಮತ್ತು ಮಿರ್ಚಿ ಬಜ್ಜಿ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿಗಳ ಒಗ್ಗರಣೆಯಲ್ಲಿ ಕಲಸಿ, ಪುಟಾಣಿಯ ಪುಡಿ ಉದುರಿಸಿ, ಕಡೆಯಲ್ಲಿ ನಿಂಬೆಹಣ್ಣನ್ನು ಹಿಂಡುತ್ತಾರೆ. ಪಕ್ಕದ ಬಜ್ಜಿಯ ಹಿಟ್ಟಿಗೆ ಚಿಟಿಕೆ ಸೋಡಾ ಬಿದ್ದಿರುತ್ತದೆ. ಕರ್ನೂಲು, ಆದವಾನಿ ಸೀಮೆಯಲ್ಲಿ ಉಗ್ಗಾನಿ ಎನಿಸಿಕೊಳ್ಳುವ ಇದು ಬಳ್ಳಾರಿಗೆ ಬಂದರೆ ‘ಒಗ್ಗರಣೆ’ಯಾಗುತ್ತದೆ. ಗಡಿ ದಾಟುವಾಗ ಹೆಸರು ಬದಲಾಗುತ್ತದೆ, ತಟ್ಟೆಯಲ್ಲಿರುವುದು ಅದೇ. ನಿಂಬೆಯ ಆಮ್ಲವೂ ಸೋಡಾದ ಪ್ರತ್ಯಾಮ್ಲವೂ ಅಲ್ಲಿ ಜಗಳವಿಲ್ಲದೆ ಕುಳಿತಿರುತ್ತವೆ.

ಈ ಸಲದ ಸಂಕ್ರಾಂತಿಗೆ ಹೋದಾಗ ಅಕ್ಕ ಆ ತಟ್ಟೆಯನ್ನು ನನ್ನ ಮುಂದಿರಿಸಿ, ತಾನು ಬೇರೊಂದು ತಟ್ಟೆ ಹಿಡಿದು ಎದುರಿಗೆ ಕುಳಿತಳು. ಅದರಲ್ಲಿ ಸ್ವಲ್ಪ ಅನ್ನ, ಬೇಯಿಸಿ ನೀರು ಬಸಿದ ಸೋರೆಕಾಯಿಯ ಪಲ್ಯ, ಅಂಚಿನಲ್ಲಿ ಮೂರು ಮಾತ್ರೆ. ಅವುಗಳಲ್ಲಿ ಬಿಳಿಯದು ಸೋಡಿಯಂ ಬೈಕಾರ್ಬೊನೇಟ್. ನನ್ನ ಬಜ್ಜಿಯಲ್ಲಿದ್ದ ಅಡುಗೆ ಸೋಡಾವೇ, ಅಳತೆಗೊಳಪಟ್ಟ ರೂಪದಲ್ಲಿ. ಆ ಬಿಳಿಯ ಮಾತ್ರೆಯನ್ನು ಅವಳು ಎರಡು ವರ್ಷಗಳ ಹಿಂದೆ ಕೆಲವು ವಾರ ನುಂಗದೆ ಬಿಟ್ಟಿದ್ದಳು. ಬಿಟ್ಟದ್ದಕ್ಕೆ ಕಾರಣ ನಾನು. ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವವನೊಬ್ಬ ಒಂದು ಪದದಿಂದ ಮೋಸಹೋದ ಆ ಪ್ರಸಂಗವನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನಿಮ್ಮೆದುರಿಗಲ್ಲದೆ ಇನ್ನಾರೆದುರಿಗೆ ಒಪ್ಪಿಕೊಳ್ಳಲಿ?

ಪ್ರಸಂಗಕ್ಕೆ ಮೊದಲು ಪದಗಳ ಕಥೆಯನ್ನು ಹೇಳಬೇಕು. ನನ್ನ ಪ್ರಾಥಮಿಕ ಶಿಕ್ಷಣ ಗಡಿಭಾಗದ ಕನ್ನಡ ಶಾಲೆಯಲ್ಲಾಯಿತು, ಪ್ರೌಢಶಾಲೆ ಮರಾಠಿಯಲ್ಲಿ. ಮನೆಯಲ್ಲಿ ‘ಹುಳಿತೇಗು’ ಎಂದರೆ ಶಾಲೆಯಲ್ಲಿ ‘ಆಂಬಟ ಢೇಕರ’. ವಿಜ್ಞಾನದ ಮಾಸ್ತರರು ಆಮ್ಲಕ್ಕೆ ಎದುರಾದದ್ದನ್ನು ‘ಆಮ್ಲಾರೀ’ ಎಂದು ಹೇಳಿಕೊಟ್ಟರು. ಆಮ್ಲದ ಅರಿ, ಅಂದರೆ ಆಮ್ಲದ ಶತ್ರು. ಇವೆರಡೂ ಕೂಡಿ ಹುಟ್ಟುವ ಉಪ್ಪಿಗೆ ಮರಾಠಿಯ ಶಾಲಾ ಪುಸ್ತಕ ಕೊಡುವ ಹೆಸರು ‘ಕ್ಷಾರ’. ಮುಂದೆ ಕನ್ನಡದ ಪುಸ್ತಕಗಳಿಗೆ ಬಂದೆ. ಇಲ್ಲಿ ಶತ್ರುವಿನ ಹೆಸರು ‘ಪ್ರತ್ಯಾಮ್ಲ’, ನೀರಿನಲ್ಲಿ ಕರಗುವ ಪ್ರತ್ಯಾಮ್ಲ ‘ಕ್ಷಾರ’, ಉಪ್ಪು ‘ಲವಣ’. ಒಂದೇ ಸಂಸ್ಕೃತ ಪದ ಭೀಮೆಯ ಆ ಬದಿಯಲ್ಲಿ ಉಪ್ಪಾಗಿ, ಈ ಬದಿಯಲ್ಲಿ ಉಪ್ಪನ್ನು ಹುಟ್ಟಿಸುವ ಎರಡರಲ್ಲಿ ಒಂದಾಗಿ ನಿಂತಿತ್ತು. ಪರೀಕ್ಷೆಯಲ್ಲಿ ‘ಆಮ್ಲ ಮತ್ತು ಆಮ್ಲಾರಿ ಸೇರಿ ಕ್ಷಾರವಾಗುತ್ತದೆ’ ಎಂದು ಬರೆದು ಅಂಕ ಕಳೆದುಕೊಂಡೆ. ಮರಾಠಿಯಲ್ಲಿ ಅದು ಸರಿಯುತ್ತರ, ಕನ್ನಡದಲ್ಲಿ ಅಸಂಬದ್ಧ. ನಾನು ಭಾಷೆಯತ್ತ ಹೊರಳಿದ್ದಕ್ಕೆ ಆ ಕಳೆದುಹೋದ ಅಂಕವೂ ಒಂದು ಕಾರಣವಾಗಿರಬಹುದು.

ಶಾಲೆ ಮರೆತುಹೋಯಿತು, ಪದ ಉಳಿಯಿತು. ವಿಶೇಷವಾಗಿ ‘ಆಮ್ಲಾರಿ’ಯಲ್ಲಿ ಅಡಗಿದ್ದ ‘ಅರಿ’ ಉಳಿಯಿತು. ಆಮ್ಲವೆಂದರೆ ಕೇಡು, ಅದರ ವೈರಿಯೆಂದರೆ ಹಿತ ಎಂಬ ಭಾವನೆ ನನಗರಿಯದಂತೆಯೇ ನನ್ನೊಳಗೆ ನೆಲೆಯೂರಿತು.

ಐವತ್ತು ದಾಟಿದ ಮೇಲೆ ನನಗೆ ಎದೆಯುರಿ ಆರಂಭವಾಯಿತು. ರಾತ್ರಿ ತಡವಾಗಿ ಊಟ, ದಿನಕ್ಕೆ ಆರು ಲೋಟ ಚಹಾ, ಮೌಲ್ಯಮಾಪನದ ದಿನಗಳಲ್ಲಂತೂ ಹೊತ್ತಿಲ್ಲದ ಹೊತ್ತಿನಲ್ಲಿ ಬಜ್ಜಿ. ಆಗ ಪರಿಚಿತರೊಬ್ಬರು ಒಂದು ಕಿರುಹೊತ್ತಗೆಯನ್ನು ಕೈಗಿತ್ತರು. ಅದರಲ್ಲಿ ಎರಡು ಕಂಬಸಾಲುಗಳಿದ್ದವು. ಎಡಗಡೆ ಆಮ್ಲಕಾರಿ ಆಹಾರ: ಮಾಂಸ, ಮೊಟ್ಟೆ, ಅಕ್ಕಿ, ಗೋಧಿ. ಬಲಗಡೆ ಕ್ಷಾರಕಾರಿ ಆಹಾರ: ಸೊಪ್ಪು, ತರಕಾರಿ, ಹಣ್ಣು, ಎಳನೀರು. ಎಡಗಡೆಯದನ್ನು ತಿಂದರೆ ರಕ್ತ ಹುಳಿಯಾಗುತ್ತದೆ, ಸಕಲ ರೋಗಗಳೂ ಹುಳಿಯಾದ ರಕ್ತದಲ್ಲಿ ಬೆಳೆಯುತ್ತವೆ, ಬಲಗಡೆಯದನ್ನು ತಿಂದರೆ ರಕ್ತ ಕ್ಷಾರವಾಗಿ ಶುದ್ಧಿಯಾಗುತ್ತದೆ ಎಂಬುದು ಅದರ ಸಾರ. ಯುದ್ಧಭೂಮಿಯ ಚಿತ್ರ ನನ್ನ ತಲೆಯಲ್ಲಿ ಮೊದಲೇ ಸಿದ್ಧವಾಗಿತ್ತು. ಹೊತ್ತಗೆ ಬಂದು ಎರಡು ಪಾಳಯಗಳಿಗೆ ಹೆಸರಿಟ್ಟಿತು, ಅಷ್ಟೆ.

ಮೂರು ತಿಂಗಳು ನಿಷ್ಠೆಯಿಂದ ಪಾಲಿಸಿದೆ. ಚಹಾ ಎರಡು ಲೋಟಕ್ಕಿಳಿಯಿತು, ಬಜ್ಜಿ ಬಿಟ್ಟೆ, ರಾತ್ರಿಯ ಊಟ ಎಂಟರೊಳಗೆ ಮುಗಿಯತೊಡಗಿತು, ದೇಹದ ತೂಕ ಐದು ಕಿಲೋ ಕಡಿಮೆಯಾಯಿತು. ಎದೆಯುರಿ ಹೋಯಿತು. ಹೋದದ್ದು ಏಕೆ ಎಂದು ವಿಚಾರಿಸುವ ತಾಳ್ಮೆ ನನಗಿರಲಿಲ್ಲ. ‘ರಕ್ತ ಕ್ಷಾರವಾಯಿತು’ ಎಂದು ಮಾತ್ರ ತಿಳಿದೆ. ತರಗತಿಯಲ್ಲೂ ಒಮ್ಮೆ ಹೇಳಿದ್ದೇನೆ. ಆ ವರ್ಷದ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಅಂದಿನ ಮಾತನ್ನು ಹಿಂದಕ್ಕೆ ಪಡೆದಿದ್ದೇನೆಂದು ತಿಳಿಯಬೇಕು.

ಈ ಹುರುಪಿನಲ್ಲೇ ಅಕ್ಕನ ಮನೆಗೆ ಹೋದೆ. ಆದವಾನಿ ಸೀಮೆ ನಮ್ಮ ತಾಯಿಯ ತವರು. ಹಾಗಾಗಿ ಅಕ್ಕನನ್ನು ಅತ್ತಲಿನ ಸಂಬಂಧದಲ್ಲೇ, ತುಂಗಭದ್ರೆಗೆ ಹತ್ತಿರದ ಸಿ. ಬೆಳಗಲ್ಲಿಗೆ ಕೊಟ್ಟರು. ಬೆಳ್ಳನೆಯ ಕಲ್ಲು ಬೆಳಗಲ್ಲಾಯಿತೆಂದು ನಾನು ಹೇಳಿದಾಗಲೆಲ್ಲ ಭಾವ ನಗುತ್ತಾರೆ: “ಮೇಷ್ಟ್ರೇ, ಊರು ಆಂಧ್ರದಾಗೈತಿ, ಹೆಸರು ಮಾತ್ರ ನಿಮ್ಮದು.” ಆ ಮನೆಯಲ್ಲಿ ಒಳಗಿನ ಮಾತು ಕನ್ನಡ, ಹೊರಗಿನ ಮಾತು ತೆಲುಗು. ಅಡುಗೆಮನೆಯಲ್ಲಿ ಪುಂಡಿಪಲ್ಯವೆನಿಸಿಕೊಂಡದ್ದು ಜಗುಲಿಗೆ ಬರುವಷ್ಟರಲ್ಲಿ ಗೋಂಗೂರವಾಗಿರುತ್ತದೆ.

ಅಕ್ಕನಿಗೆ ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಮೂತ್ರಪಿಂಡಗಳ ಶಕ್ತಿ ಮೂರರಲ್ಲೊಂದು ಪಾಲಿಗಿಂತ ಕೆಳಗಿಳಿದಿದೆ ಎಂದು ಕರ್ನೂಲಿನ ವೈದ್ಯರು ಮೊದಲೇ ಹೇಳಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವಳನ್ನು ಉಳಿಸಿಬಿಡುತ್ತೇನೆಂದು ಹೊರಟೆ. ದಿನಕ್ಕೊಂದು ಎಳನೀರು, ಎರಡು ಬಾಳೆಹಣ್ಣು, ನುಗ್ಗೆಸೊಪ್ಪು, ಬಸಳೆ ಎಂದು ಪಟ್ಟಿ ಬರೆದುಕೊಟ್ಟೆ. ಅಕ್ಕ ನನ್ನ ಪಟ್ಟಿಯನ್ನು ದೇವರ ಗೂಡಿನ ಪಕ್ಕದ ಗೋಡೆಗೆ ಅಂಟಿಸಿದಳು. ಬಿಳಿಯ ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಕೇಳಿದಳು: “ತಮ್ಮಾ, ಇದು ಸೋಡಾದ್ ಮಾತ್ರಿ ಅಂತ ಡಾಕ್ಟ್ರು ಹೇಳ್ಯಾರ. ನಿನ್ನ ಪಟ್ಟ್ಯಾಗ ಎಲ್ಲಾ ಕ್ಷಾರಾನ ಇದ್ರ ಇದ್ಯಾಕ ಮತ್ತ?”

ನಾನು ‘ಬಿಡು’ ಎನ್ನಲಿಲ್ಲ. ‘ಬಿಡಬೇಡ’ ಎಂದೂ ಅನ್ನಲಿಲ್ಲ. ನಕ್ಕೆ. ಅಕ್ಕ ಆ ನಗುವಿಗೆ ತನ್ನ ಅರ್ಥವನ್ನು ತಾನೇ ಹಚ್ಚಿಕೊಂಡಳು.

ಮೂರನೆಯ ವಾರದ ಕೊನೆಗೆ ಭಾವನವರ ದೂರವಾಣಿ ಕರೆ ಬಂದಿತು. ಅಕ್ಕನಿಗೆ ಕಾಲುಗಳಲ್ಲಿ ಬಲವೇ ಇಲ್ಲ, ಎದ್ದರೆ ಕುಸಿಯುತ್ತಾಳೆ, ನಾಡಿ ನಿಧಾನವಾಗಿದೆ, ಕರ್ನೂಲಿಗೆ ಕರೆದೊಯ್ಯುತ್ತಿದ್ದೇವೆ ಎಂದರು. ನಾನು ತಲುಪುವ ಹೊತ್ತಿಗೆ ಅವಳು ತುರ್ತು ವಿಭಾಗದಲ್ಲಿದ್ದಳು. ಹೃದಯದ ಬಡಿತದ ರೇಖೆ ಪರದೆಯ ಮೇಲೆ ವಿಚಿತ್ರವಾಗಿ ಮೊನಚೆದ್ದು ಓಡುತ್ತಿತ್ತು. ರಕ್ತದಲ್ಲಿ ಪೊಟ್ಯಾಸಿಯಂ 6.8. ಅದು 3.5ರಿಂದ 5ರೊಳಗೆ ಇರಬೇಕಾದದ್ದು. ಕ್ಯಾಲ್ಸಿಯಂ ಚುಚ್ಚಿದರು, ಗ್ಲೂಕೋಸಿನೊಂದಿಗೆ ಇನ್ಸುಲಿನ್ ಕೊಟ್ಟರು, ರಾತ್ರಿ ಒಮ್ಮೆ ಡಯಾಲಿಸಿಸ್ ಮಾಡಿದರು. ಅವಳ ಕೈ ಹಿಡಿದು ಕುಳಿತ ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯಲಾರೆ. ಅವಳು ಎಚ್ಚರಗೊಂಡು ಮೊದಲು ಕೇಳಿದ್ದು, “ಊಟ ಮಾಡೀಯೇನೋ ತಮ್ಮಾ?” ಎಂದು.

ಬೆಳಗ್ಗೆ ವೈದ್ಯರು ಮೊಗಸಾಲೆಯಲ್ಲಿ ನಿಂತು, ಇತ್ತೀಚೆಗೆ ಏನು ತಿನ್ನುತ್ತಿದ್ದರು ಎಂದು ಕೇಳಿದರು. ಭಾವನವರು ನನ್ನತ್ತ ನೋಡಲಿಲ್ಲ. ಆ ಸೌಜನ್ಯವೇ ನನ್ನನ್ನು ಸುಟ್ಟಿತು. ಪಟ್ಟಿಯನ್ನು ನಾನೇ ಒಪ್ಪಿಸಿದೆ. ವೈದ್ಯರು ಸಿಟ್ಟಾಗಲಿಲ್ಲ. ಒಂದು ಪ್ರಶ್ನೆ ಕೇಳಿದರು: “ಕ್ಷಾರ ಅಂತೀರಲ್ಲ, ಎಲ್ಲಿ ಕ್ಷಾರ? ನಾಲಿಗೆಯಲ್ಲೋ, ಹೊಟ್ಟೆಯಲ್ಲೋ, ರಕ್ತದಲ್ಲೋ, ಮೂತ್ರದಲ್ಲೋ?” ಮೂವತ್ತು ವರ್ಷ ‘ಪದದ ಅರ್ಥ ಸಂದರ್ಭದಲ್ಲಿದೆ’ ಎಂದು ಪಾಠ ಹೇಳಿದವನಿಗೆ ಸಂದರ್ಭ ಯಾವುದೆಂದು ಕೇಳಿದ ಪ್ರಶ್ನೆಗೆ ಉತ್ತರ ತೋಚಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಮುಂದೆ ನಾನು ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಸಂಗ್ರಹಿಸುತ್ತೇನೆ.

ನಾಲಿಗೆಯ ಹುಳಿ ಒಂದು ರುಚಿ. ಹೊಟ್ಟೆಯ ಹುಳಿ ಜಠರ ತಾನೇ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲ. ಆಮ್ಲತೆಯನ್ನು ಅಳೆಯುವ ಪಿಎಚ್ ಎಂಬ ಮಾನವನ್ನು 1909ರಲ್ಲಿ ರೂಪಿಸಿದವರು ಡೆನ್ಮಾರ್ಕಿನ ಸೋರೆನ್ಸೆನ್. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಎಂಬ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಅದರಲ್ಲಿ 7 ಮಧ್ಯಬಿಂದು. ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಒಂದೊಂದು ಮೆಟ್ಟಿಲಿಗೂ ಹತ್ತರಷ್ಟು ವ್ಯತ್ಯಾಸ. ಜಠರರಸ 1.5ರಿಂದ 3.5ರವರೆಗೆ ಇರುತ್ತದೆ. ನಿಂಬೆರಸವೂ ಹೆಚ್ಚುಕಡಿಮೆ ಅಷ್ಟೇ ಹುಳಿ. ‘ಕ್ಷಾರದ ನೀರು’ ಎಂದು ಮಾರುವ ನೀರನ್ನು ಕುಡಿದರೂ ಅದು ಮೊದಲು ಬೀಳುವುದು ಈ ಆಮ್ಲದ ಕೊಳಕ್ಕೇ. ಆಹಾರ ಜಠರವನ್ನು ದಾಟಿ ಕರುಳಿಗಿಳಿದೊಡನೆ ಮೇದೋಜೀರಕ ಗ್ರಂಥಿ ಬೈಕಾರ್ಬೊನೇಟನ್ನು ಸುರಿದು ಆ ಹುಳಿಯನ್ನು ತಣಿಸುತ್ತದೆ. ಎದೆಯುರಿಯೆಂದರೆ ರಕ್ತ ಹುಳಿಯಾದದ್ದಲ್ಲ. ಜಠರದಲ್ಲಿರಬೇಕಾದ ಆಮ್ಲ ಅನ್ನನಾಳಕ್ಕೆ ಮೇಲೇರಿದ್ದು. ತೂಕ ಇಳಿದಾಗ, ಮಲಗುವುದಕ್ಕೆ ಬಹಳ ಮುಂಚೆ ಉಂಡಾಗ ಅದು ಕಡಿಮೆಯಾಗುತ್ತದೆ. ನನ್ನ ಎದೆಯುರಿ ಹೋದದ್ದು ಹೀಗೆ. ಕೀರ್ತಿ ಮಾತ್ರ ಪಟ್ಟಿಗೆ ಸಂದಿತ್ತು.

ರಕ್ತದ ಮಾತು ಬೇರೆಯೇ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರೊಳಗೆ ನಿಲ್ಲುತ್ತದೆ. ಅಂದರೆ ನಮ್ಮ ರಕ್ತ ಯಾವಾಗಲೂ ಮಧ್ಯಬಿಂದುವಿನ ಮೇಲೆ, ಸ್ವಲ್ಪ ಕ್ಷಾರೀಯವಾಗಿಯೇ ಇದೆ. ಅದನ್ನು ಕ್ಷಾರ ಮಾಡುವ ಅಗತ್ಯವೇ ಇಲ್ಲ. ಈ ಸಣ್ಣ ಕಿಂಡಿಯನ್ನು ಕಾಯುವವರು ಮೂವರು. ರಕ್ತದಲ್ಲೇ ಇರುವ ಬೈಕಾರ್ಬೊನೇಟ್ ಮೊದಲಾದವು ಬಂದ ಆಮ್ಲವನ್ನು ಆ ಕ್ಷಣವೇ ಹಿಡಿಯುತ್ತವೆ. ಶ್ವಾಸಕೋಶಗಳು ಇಂಗಾಲದ ಡೈಆಕ್ಸೈಡಿನ ರೂಪದಲ್ಲಿ ಆಮ್ಲವನ್ನು ಉಸಿರಿನೊಡನೆ ಹೊರಹಾಕುತ್ತವೆ. ಉಸಿರಾಗಲಾರದ ಉಳಿಕೆಯನ್ನು ಮೂತ್ರಪಿಂಡಗಳು ಮೂತ್ರದಲ್ಲಿ ಕಳಿಸಿ, ಖರ್ಚಾದ ಬೈಕಾರ್ಬೊನೇಟನ್ನು ಮರಳಿ ತುಂಬಿಸುತ್ತವೆ. ಶ್ವಾಸಕೋಶಗಳು ದಿನವೊಂದಕ್ಕೆ ಹೊರಹಾಕುವುದು ಸುಮಾರು 15,000 ಮಿಲಿಮೋಲ್. ನಾವು ತಿಂದ ಆಹಾರ ಉಳಿಸುವ, ಮೂತ್ರಪಿಂಡಗಳು ಹೊರಬೇಕಾದ ಆಮ್ಲ ದೇಹದ ತೂಕದ ಕಿಲೋ ಒಂದಕ್ಕೆ ಸುಮಾರು ಒಂದು, ಅಂದರೆ 50ರಿಂದ 70. ನಾವು ಊಟದ ಬಗ್ಗೆ ವಾದಿಸುತ್ತಿರುವಾಗ ಉಸಿರು ಅದರ ಇನ್ನೂರು ಪಟ್ಟು ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸಿರುತ್ತದೆ.

ಹಾಗಾದರೆ ಹೊತ್ತಗೆಯ ಎರಡು ಸಾಲುಗಳು ಪೂರ್ಣ ಸುಳ್ಳೇ? ಅಲ್ಲ, ಇಲ್ಲಿಯೇ ಅಪಾಯವಿರುವುದು. ಪೂರ್ಣ ಸುಳ್ಳಾಗಿದ್ದರೆ ಅದು ಇಷ್ಟು ದಿನ ಬದುಕುತ್ತಿರಲಿಲ್ಲ. ಆಹಾರ ರಕ್ತದ ಪಿಎಚ್ ಅನ್ನು ಬದಲಿಸಲಾರದು, ಆದರೆ ಮೂತ್ರದ್ದನ್ನು ನಿಶ್ಚಯವಾಗಿ ಬದಲಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಶರೀರವಿಜ್ಞಾನಿ ಕ್ಲೋದ್ ಬರ್ನಾರ್, ಸಂತೆಯಿಂದ ತಂದ ಮೊಲಗಳ ಮೂತ್ರ ಮಾಂಸಾಹಾರಿ ಪ್ರಾಣಿಗಳದರಂತೆ ತಿಳಿಯಾಗಿ ಆಮ್ಲೀಯವಾಗಿರುವುದನ್ನು ಕಂಡು ಬೆರಗಾದ. ಹುಲ್ಲು ತಿನ್ನಿಸಿದ, ಮೂತ್ರ ಕದಡಿ ಕ್ಷಾರೀಯವಾಯಿತು. ಉಪವಾಸ ಕೆಡವಿದ, ಮತ್ತೆ ಆಮ್ಲೀಯ. ಹಸಿದ ಮೊಲ ತನ್ನ ಮಾಂಸವನ್ನೇ ತಾನು ತಿಂದು ಬದುಕುತ್ತಿತ್ತೆಂದು ಅವನು ತರ್ಕಿಸಿದ. ಮಾಂಸದ, ಧಾನ್ಯದ ಪ್ರೋಟೀನಿನಲ್ಲಿರುವ ಗಂಧಕ ದೇಹದೊಳಗೆ ಉರಿದಾಗ ಸಲ್ಫ್ಯೂರಿಕ್ ಆಮ್ಲ ಉಳಿಯುತ್ತದೆ. ನಾಲಿಗೆಗೆ ಹುಳಿಯಾದ ನಿಂಬೆಯಲ್ಲಿರುವ ಸಿಟ್ರೇಟ್ ಉರಿದು ಬೈಕಾರ್ಬೊನೇಟ್ ಆಗುತ್ತದೆ. ಹೀಗೆ ಹುಳಿಯಾದದ್ದು ಕ್ಷಾರವಾಗಿ, ಸಪ್ಪೆಯಾದ ಅನ್ನ ಆಮ್ಲವಾಗಿ ಕೊನೆಗೊಳ್ಳುತ್ತದೆ.

ಇದರಿಂದ ಉಪಯೋಗವೂ ಇದೆ. ಯೂರಿಕ್ ಆಮ್ಲದ ಕಲ್ಲುಗಳು ಆಮ್ಲೀಯ ಮೂತ್ರದಲ್ಲಿ ಹುಟ್ಟುತ್ತವೆ. ಅಂಥವರ ಮೂತ್ರವನ್ನು ವೈದ್ಯರು ಬೇಕೆಂದೇ ಕ್ಷಾರೀಯಗೊಳಿಸುತ್ತಾರೆ. ಸಿಟ್ರೇಟ್ ಕ್ಯಾಲ್ಸಿಯಂ ಕಲ್ಲುಗಳನ್ನೂ ತಡೆಯುತ್ತದೆ. ಮೂತ್ರದ ಮೇಲೆ ನಮ್ಮ ಅಡುಗೆಮನೆಯ ಹುಳಿಗಿರುವ ಅಧಿಕಾರಕ್ಕೆ ಹತ್ತಿರದ ನಿದರ್ಶನವೂ ಇದೆ. ನೀರಿನ ಫ್ಲೋರೈಡಿನಿಂದ ಮೂಳೆ ಬಾಗುವ ಸಂಕಟ ತೆಲುಗು ನಾಡಿಗೆ ಹಳೆಯದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ಶಾಲಾ ಬಾಲಕರಿಗೆ ಹುಣಸೆಹಣ್ಣನ್ನು ಕೊಟ್ಟು ನೋಡಿ, ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತೆಂದು 2002ರಲ್ಲಿ ಪ್ರಕಟಿಸಿದರು. ನಮ್ಮ ಚಾರು, ಸಾರುಗಳ ಹುಳಿ ನಾಲಿಗೆಯಲ್ಲೇ ಮುಗಿಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಮೂತ್ರ ಬದಲಾದದ್ದನ್ನು ಕಂಡು ರಕ್ತವೂ ಬದಲಾಯಿತೆನ್ನುವುದು, ಮನೆಯವರು ಕಸ ಹೊರಗೆ ಹಾಕಿದ್ದನ್ನು ಕಂಡು ಮನೆಯೇ ಕಸವಾಯಿತೆಂದಂತೆ. ಮೂತ್ರ ಬದಲಾಗುವುದೇ ರಕ್ತ ಬದಲಾಗಬಾರದೆಂದು. ಆದಕಾರಣ, ಹುಳಿಯಾದ ರಕ್ತದಲ್ಲಿ ಕ್ಯಾನ್ಸರ್ ಬೆಳೆಯುತ್ತದೆ ಎಂಬಂತಹ ಮಾತುಗಳು ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತವೆ.

ಮೂತ್ರಪಿಂಡ ಸೋತವರಲ್ಲಿ ಮಾತ್ರ ಚಿತ್ರ ಬೇರೆ. ಅವರಲ್ಲಿ ಆಮ್ಲ ನಿಜಕ್ಕೂ ಉಳಿಯುತ್ತದೆ, ರಕ್ತದ ಬೈಕಾರ್ಬೊನೇಟ್ 22ಕ್ಕಿಂತ ಕೆಳಗಿಳಿಯುತ್ತದೆ. ಅದಕ್ಕಾಗಿಯೇ ಆ ಬಿಳಿಯ ಮಾತ್ರೆ. ಅಂದರೆ ಅಕ್ಕನಿಗೆ ಕ್ಷಾರ ಬೇಕಾಗಿದ್ದದ್ದು ನಿಜವೇ ಆಗಿತ್ತು. ನಾನು ರೋಗವನ್ನು ತಪ್ಪಾಗಿ ಊಹಿಸಿರಲಿಲ್ಲ. ಕ್ಷಾರವನ್ನು ತಪ್ಪಾಗಿ ಓದಿದ್ದೆ.

ಹೇಗೆಂದು ಹೇಳುತ್ತೇನೆ, ಇದು ನಿಮ್ಮ ಪಠ್ಯಕ್ಕೂ ಸೇರಿದ್ದು. ‘ಕ್ಷಾರ’ ತತ್ಸಮ, ‘ಖಾರ’ ಅದರ ತದ್ಭವ. ಕನ್ನಡದಲ್ಲಿ ಖಾರವೆಂದರೆ ಮೆಣಸಿನಕಾಯಿಯ ಉರಿ, ತೆಲುಗಿನ ‘ಕಾರಂ’ ಕೂಡ ಅದೇ. ಮರಾಠಿಯ ‘ಖಾರಟ’ ಉಪ್ಪುಪ್ಪಾದದ್ದು. ನಿಮ್ಮ ಭಾಷಾವಿಜ್ಞಾನದ ಅರ್ಥವ್ಯತ್ಯಾಸದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮೂಲಾರ್ಥ ಮಾತ್ರ ಅಡುಗೆಮನೆಯ ಒಂದು ಮೂಲೆಯಲ್ಲಿ ಉಳಿದಿದೆ: ಹಪ್ಪಳದ ಹಿಟ್ಟಿಗೆ ಹಾಕುವ ‘ಹಪ್ಪಳಖಾರ’ ಮೆಣಸಿನಕಾಯಿಯಲ್ಲ, ಕ್ಷಾರವೇ. ಆಯುರ್ವೇದದ ಕ್ಷಾರವೆಂದರೆ ಗಿಡವನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಕಾಯಿಸಿ ತೆಗೆದದ್ದು. ಅರಬ್ಬೀ ಭಾಷೆಯಲ್ಲೂ ಹೀಗೆಯೇ. ‘ಆಲ್ಕಲಿ’ ಎಂಬ ಪದ ಸಸ್ಯದ ಬೂದಿಯನ್ನು ಹೇಳುವ ಅರಬ್ಬೀ ಪದದಿಂದ ಬಂದಿದೆ. ಯುರೋಪಿನವರು ಅದೇ ಬೂದಿಯನ್ನು ಮಡಕೆಯಲ್ಲಿ ಕಾಯಿಸಿ ‘ಪೊಟ್ಯಾಷ್’ ಎಂದರು, ಮಡಕೆಯ ಬೂದಿ. 1807ರಲ್ಲಿ ಹಂಫ್ರಿ ಡೇವಿ ಆ ಪೊಟ್ಯಾಷಿನೊಳಗೆ ವಿದ್ಯುತ್ತನ್ನು ಹರಿಸಿ ಒಂದು ಹೊಸ ಲೋಹವನ್ನು ಬೇರ್ಪಡಿಸಿ, ಅದಕ್ಕೆ ಪೊಟ್ಯಾಸಿಯಂ ಎಂದು ಹೆಸರಿಟ್ಟ.

ಸಸ್ಯಗಳ ಬೂದಿ ಕ್ಷಾರವಾಗಿರುವುದು ಅವುಗಳಲ್ಲಿ ಪೊಟ್ಯಾಸಿಯಂ ತುಂಬಿರುವುದರಿಂದ. ಹೊತ್ತಗೆಯ ಬಲಗಡೆಯ ಸಾಲು ಕ್ಷಾರದ ಸಾಲು ಹೇಗೋ ಹಾಗೆಯೇ ಪೊಟ್ಯಾಸಿಯಮ್ಮಿನ ಸಾಲೂ ಹೌದು. ಒಂದು ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ, ತುಂಬಿದ ಒಂದು ಎಳನೀರಿನಲ್ಲಿ 500 ಮಿಲಿಗ್ರಾಮಿಗೂ ಹೆಚ್ಚು. ಆರೋಗ್ಯವಂತನಿಗೆ ಅದು ಅಮೃತ. ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಕಳಿಸುತ್ತದೆ. ಸೋತ ಮೂತ್ರಪಿಂಡ ಕಳಿಸಲಾರದು. ಉಳಿದ ಪೊಟ್ಯಾಸಿಯಂ ಹೃದಯದ ಬಡಿತವನ್ನು ಹಿಡಿಯುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದನ್ನು ಏರಿಸುತ್ತವೆ. ಸೋಡಾ ಮಾತ್ರೆಯನ್ನು ಬಿಟ್ಟು ಆಮ್ಲ ಹೆಚ್ಚಿದಾಗ ಜೀವಕೋಶಗಳ ಒಳಗಿದ್ದ ಪೊಟ್ಯಾಸಿಯಮ್ಮೂ ಹೊರಗೆ ಬರುತ್ತದೆ. ಮೂತ್ರಪಿಂಡದ ರೋಗಿಗಳಲ್ಲಿ ಹಣ್ಣು ತರಕಾರಿಗಳಿಂದ ಆಮ್ಲದ ಹೊರೆ ಇಳಿಸಿದ ಅಧ್ಯಯನಗಳೂ ಇವೆ. ಆದರೆ ಅವು ರೋಗಿಗಳನ್ನು ಆರಿಸಿ, ಪೊಟ್ಯಾಸಿಯಮ್ಮನ್ನು ಅಳೆಯುತ್ತ ಮಾಡಿದವು. ಗೋಡೆಗೆ ಪಟ್ಟಿ ಅಂಟಿಸಿ ಮಾಡಿದವಲ್ಲ.

ಬೂದಿಯೆಂಬ ಅರ್ಥ ಪದದ ಬುಡದಲ್ಲೇ ಇತ್ತು. ನಿಘಂಟು ನನ್ನ ಮೇಜಿನ ಮೇಲೇ ಇತ್ತು. ತರಗತಿಯಲ್ಲಿ ನಿಮಗೆ ಪ್ರತಿಯೊಂದು ಪದದ ಧಾತುವನ್ನು ಕೇಳುವ ನಾನು, ಅಕ್ಕನ ಪ್ರಾಣದ ಮೇಲೆ ಹೊರಿಸಿದ ಪದದ ಧಾತುವನ್ನು ಕೇಳಲಿಲ್ಲ. ಹಳಬರೂ ಎಚ್ಚರಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ರಸಗಳು ಎಷ್ಟೆಂಬ ಚರ್ಚೆ ನಡೆಯುತ್ತದೆ. ಕ್ಷಾರವನ್ನೂ ಒಂದು ರಸವೆಂದು ಎಣಿಸುವವರಿಗೆ ಆತ್ರೇಯನು ಕ್ಷಾರ ರಸವಲ್ಲ, ಅದೊಂದು ದ್ರವ್ಯ ಎಂದು ಉತ್ತರಿಸುತ್ತಾನೆ. ನಾಲಿಗೆಗೆ ತೋರುವ ಗುಣ ಬೇರೆ, ವಸ್ತು ಬೇರೆ ಎಂಬ ಈ ವಿವೇಕವನ್ನೇ ವೈದ್ಯರು ಮೊಗಸಾಲೆಯಲ್ಲಿ ನನ್ನಿಂದ ಬಯಸಿದ್ದು. ಅದೇ ಗ್ರಂಥದ ವಿಮಾನಸ್ಥಾನದಲ್ಲಿ ಅತಿಯಾಗಿ ಬಳಸಬಾರದೆಂದು ಹೇಳಿದ ಮೂರು ವಸ್ತುಗಳು ಹಿಪ್ಪಲಿ, ಕ್ಷಾರ ಮತ್ತು ಲವಣ. ಹಳೆಯದರ ಹೆಸರಿನಲ್ಲಿ ಹೊಸ ಪಟ್ಟಿಗಳನ್ನು ಮಾರುವವರು ಈ ಪುಟಗಳನ್ನು ತೆರೆಯುವುದಿಲ್ಲ. ನಾನೂ ತೆರೆದಿರಲಿಲ್ಲ.

ಅಕ್ಕ ಈಗ ಚೇತರಿಸಿಕೊಂಡಿದ್ದಾಳೆ. ಮೂತ್ರಪಿಂಡಗಳು ಮೊದಲಿನಂತಾಗಲಾರವು, ಇರುವಷ್ಟನ್ನು ಕಾಯ್ದುಕೊಳ್ಳಬೇಕು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ಪಲ್ಯ ಮಾಡುತ್ತಾಳೆ. ಪೊಟ್ಯಾಸಿಯಮ್ಮಿನ ಒಂದು ಪಾಲು ನೀರಿನೊಡನೆ ಹೋಗುತ್ತದೆ. “ಹುಟ್ಟಿದಾಗಿಂದ ಬೇಯ್ಸಿದ ನೀರಾಗ ಸತ್ವ ಇರ್ತೈತಿ, ಚೆಲ್ಲಬ್ಯಾಡ ಅಂತ ಅವ್ವ ಬೈತಿದ್ಲು. ಈಗ ಚೆಲ್ಲು ಅಂತ ಡಾಕ್ಟ್ರು ಬೈತಾರ” ಎಂದು ನಗುತ್ತಾಳೆ. ಅವ್ವ ಹೇಳಿದ್ದೂ ಸರಿ, ವೈದ್ಯರು ಹೇಳುವುದೂ ಸರಿ. ಅವ್ವ ಹೇಳಿದ್ದು ಗಟ್ಟಿಮುಟ್ಟಾದ ಹುಡುಗಿಗೆ.

ಈ ಸಂಕ್ರಾಂತಿಯಂದು ಅವಳ ಮೊಮ್ಮಗಳು ಹತ್ತನೆಯ ತರಗತಿಯ ತೆಲುಗು ವಿಜ್ಞಾನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು “ಆಮ್ಲಾಲು, ಕ್ಷಾರಾಲು, ಲವಣಾಲು” ಎಂದು ಬಾಯಿಪಾಠ ಮಾಡುತ್ತಿದ್ದಳು. ಅಕ್ಕ ನನ್ನತ್ತ ನೋಡಿ, “ತಮ್ಮಾ, ಆ ಪಾಠ ಮಾತ್ರ ಆಕಿಗೆ ನೀ ಹೇಳಬ್ಯಾಡ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಈ ಸಲ ನಗುವಿನ ಹಿಂದೆಯೇ ಬಾಯಿಬಿಟ್ಟು ಹೇಳಿದೆ: “ಅಕ್ಕಾ, ಬಿಳೀ ಮಾತ್ರೆ ಮೊದಲು ನುಂಗು.”

ದೇವರ ಗೂಡಿನ ಪಕ್ಕದ ಗೋಡೆಯಲ್ಲಿ ನನ್ನ ಪಟ್ಟಿ ಇದ್ದ ಜಾಗದಲ್ಲಿ ಅಂಟಿನ ನಾಲ್ಕು ಕಲೆಗಳಿವೆ. ಅಲ್ಲೀಗ ಕರ್ನೂಲಿನ ವೈದ್ಯರ ಚೀಟಿ ತೂಗುತ್ತಿದೆ, ತಿಂಗಳಿಗೊಮ್ಮೆ ಬದಲಾಗುತ್ತದೆ. ವಿದ್ಯಾರ್ಥಿಗಳೇ, ಸೊಪ್ಪು ತಿನ್ನಿ, ಹಣ್ಣು ತಿನ್ನಿ, ಉಗ್ಗಾನಿಯನ್ನೂ ತಿನ್ನಿ. ಅವುಗಳಲ್ಲಿ ಒಳಿತು ಬೇಕಾದಷ್ಟಿದೆ, ಅದಕ್ಕೆ ರಕ್ತ ಕ್ಷಾರವಾಗುವ ಕಥೆ ಬೇಕಿಲ್ಲ. ಕಾಯಿಲೆಯವರೊಬ್ಬರಿಗೆ ಆಹಾರದ ಉಪದೇಶ ಮಾಡುವ ಮುನ್ನ ಮಾತ್ರ, ಕಾವ್ಯದ ಪದ್ಯವೊಂದನ್ನು ಅರ್ಥೈಸುವಾಗ ಕೇಳಿಕೊಳ್ಳುವಂತೆಯೇ, ಈ ಮಾತು ಯಾರಿಗೆ, ಯಾವ ಸಂದರ್ಭದಲ್ಲಿ, ಯಾವ ಅರ್ಥದಲ್ಲಿ ಎಂದು ಕೇಳಿಕೊಳ್ಳಿ. ಪದ್ಯವನ್ನು ತಪ್ಪಾಗಿ ಅರ್ಥೈಸಿದರೆ ಕಳೆಯುವುದು ಅಂಕ.